ನೆಪೋಟಿಸ್ಟಿಕ್: ಅಳಿಯನಿಂದ ಹುಟ್ಟಿದ ಪದ, ಪೀಠಕ್ಕೆ ಅಂಟಿದ ಕಳಂಕ

ಚಳ್ಳಕೆರೆ: ನೇಮಕಾತಿ ಪಟ್ಟಿಯೊಂದು ಪ್ರಕಟವಾದ ದಿನ ಕಚೇರಿಯ ಸೂಚನಾ ಫಲಕದ ಮುಂದೆ ಕೇಳಿಬರುವ ಮಾತು ಸಾಮಾನ್ಯವಾಗಿ ಒಂದೇ: 'ಅವರಿಗೆ ಒಳಗೆ ಯಾರೋ ಇದ್ದಾರೆ'. ಹಳ್ಳಿಯ ಜನ ಹೀಗೆ ಹೇಳಿ ನಿಟ್ಟುಸಿರು ಬಿಟ್ಟರೆ, ನಗರದ ವಿದ್ಯಾವಂತರು ಅದನ್ನೇ ಇಂಗ್ಲಿಷಿನ ಒಂದು ವಿಶೇಷಣದಲ್ಲಿ ಹೇಳಿ ಮುಗಿಸುತ್ತಾರೆ. ಆ ಪದವೇ 'ನೆಪೋಟಿಸ್ಟಿಕ್'.

2017ರಲ್ಲಿ ಹಿಂದಿ ಚಿತ್ರರಂಗದ ತಾರಾಮಕ್ಕಳ ಕುರಿತು ಚರ್ಚೆ ಎದ್ದ ನಂತರ ಇದರ ನಾಮಪದ ರೂಪವಾದ 'ನೆಪೋಟಿಸಂ' ಕನ್ನಡ ಪತ್ರಿಕೆಗಳ ಶೀರ್ಷಿಕೆಗಳಿಗೂ ಬಂದಿತು. ಈಗ ಪಂಚಾಯಿತಿ ಕಟ್ಟೆಯಿಂದ ವಿಧಾನಸೌಧದವರೆಗೆ ಎಲ್ಲದಕ್ಕೂ ಇದೇ ಪದ. ಹೀಗೆ ಎಲ್ಲೆಡೆ ಬಳಸಿದ್ದರಿಂದ ಪದದ ಅರ್ಥವೂ ಸಡಿಲಗೊಂಡಿದೆ. ಅಪ್ಪನ ಮಗ್ಗದಲ್ಲಿ ಕುಳಿತ ಮಗನಿಗೂ, ಮೀಸಲಾತಿಯಲ್ಲಿ ಹುದ್ದೆ ಪಡೆದ ಯುವತಿಗೂ, ತನ್ನ ಬಂಧುವಿಗೆ ತಾನೇ ಅಂಕ ಹಾಕಿದ ಅಧಿಕಾರಿಗೂ ಒಂದೇ ಹಣೆಪಟ್ಟಿ ಬೀಳುತ್ತಿದೆ.

ಇದು ಬರೀ ನಿಘಂಟಿನ ವಿಷಯವಲ್ಲ. ಮಳೆ ಕಡಿಮೆ ಇರುವ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಶೇಂಗಾ ಬೆಳೆ ಕೈಕೊಟ್ಟ ವರ್ಷ ಒಂದು ಕುಟುಂಬವನ್ನು ಉಳಿಸುವುದು ಮನೆಯ ಒಬ್ಬರಿಗೆ ಬರುವ ತಿಂಗಳ ಸಂಬಳ. ಅಂಗನವಾಡಿ ಸಹಾಯಕಿ, ಅತಿಥಿ ಶಿಕ್ಷಕ, ನೀರು ಬಿಡುವವನ ಕೆಲಸಗಳಂತಹ ಸಣ್ಣ ಹುದ್ದೆಗಳಿಗೂ ಇಲ್ಲಿ ದೊಡ್ಡ ಬೆಲೆಯಿದೆ. ಇಂತಹ ಕಡೆ ಪಕ್ಷಪಾತ ನಡೆದರೆ ಒಬ್ಬ ಅರ್ಹನ ಬದುಕು ಕೈತಪ್ಪುತ್ತದೆ. ನಡೆಯದ ಪಕ್ಷಪಾತವನ್ನು ನಡೆದಿದೆಯೆಂದರೆ ಅರ್ಹತೆಯಿಂದಲೇ ಬಂದವರು ಜೀವನವಿಡೀ ಅನುಮಾನ ಹೊತ್ತು ತಿರುಗಬೇಕಾಗುತ್ತದೆ. ಆದ್ದರಿಂದ ಈ ಪದ ಎಲ್ಲಿಂದ ಬಂತು, ಯಾವುದಕ್ಕೆ ಅನ್ವಯಿಸುತ್ತದೆ, ಯಾವುದಕ್ಕೆ ಅನ್ವಯಿಸುವುದಿಲ್ಲ ಎಂಬುದನ್ನು ತಿಳಿಯುವುದು ಅಗತ್ಯ.

ಪದದ ಅರ್ಥವೇನು?

ಅಧಿಕಾರ ಸ್ಥಾನದಲ್ಲಿರುವವರು ಆ ಅಧಿಕಾರವನ್ನು ಬಳಸಿ, ಅರ್ಹತೆಯನ್ನು ಬದಿಗಿಟ್ಟು, ತಮ್ಮ ಬಂಧುಗಳಿಗೆ ಹುದ್ದೆ, ಗುತ್ತಿಗೆ ಅಥವಾ ಸವಲತ್ತು ದೊರಕಿಸುವ ನಡವಳಿಕೆಯನ್ನು ನೆಪೋಟಿಸ್ಟಿಕ್ ಎಂದು ವರ್ಣಿಸಲಾಗುತ್ತದೆ. ವ್ಯಕ್ತಿ, ನೇಮಕಾತಿ, ಆಡಳಿತ, ಸಂಸ್ಥೆ ಯಾವುದಕ್ಕಾದರೂ ಈ ವಿಶೇಷಣವನ್ನು ಸೇರಿಸಬಹುದು. ಸ್ನೇಹಿತರನ್ನೂ ಈ ಪದದ ವ್ಯಾಪ್ತಿಗೆ ತರುವವರಿದ್ದಾರೆ. ಆದರೆ ಮೂಲಾರ್ಥ ರಕ್ತಸಂಬಂಧಕ್ಕೆ ಸೇರಿದ್ದು.

ಇದರ ಸುತ್ತಮುತ್ತ ಇಂಗ್ಲಿಷಿನಲ್ಲಿ ಇನ್ನೂ ಕೆಲವು ಪದಗಳಿವೆ. 'ಪಾರ್ಷಿಯಲ್' ಎಂಬುದು ಭಾಗ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದಿದೆ. ಒಂದು ಭಾಗದ ಕಡೆಗೆ ವಾಲಿದವನು ಪಾರ್ಷಿಯಲ್. ಪೂರ್ತಿಯಾಗದ ಕೆಲಸಕ್ಕೂ ಅದೇ ಪದ. 'ಬಯಾಸ್ಡ್' ಎಂಬುದು ಓರೆ ಎಂಬ ಅರ್ಥದ ಫ್ರೆಂಚ್ ಶಬ್ದದಿಂದ ಬಂದುದು. ಉರುಳಿಬಿಟ್ಟ ಚೆಂಡು ಒಂದು ಕಡೆಯ ಭಾರದಿಂದ ಓರೆಯಾಗಿ ಸಾಗುವ ಇಂಗ್ಲೆಂಡಿನ ಆಟವೊಂದರಲ್ಲಿ ಈ ಪದ ಬಹುಕಾಲ ಬಳಕೆಯಲ್ಲಿತ್ತು. ಗೆಳೆಯರ ಕೂಟಕ್ಕೆ ಲಾಭ ಮಾಡಿಕೊಡುವುದಕ್ಕೆ 'ಕ್ರೋನಿ' ಎಂಬ ಪದವಿದೆ. ಇವುಗಳ ನಡುವೆ ನೆಪೋಟಿಸ್ಟಿಕ್ ಪದದ ವಿಶೇಷವೆಂದರೆ ಅದರ ಹೊಟ್ಟೆಯೊಳಗೆ ಒಬ್ಬ ನೆಂಟನಿದ್ದಾನೆ.

ರೋಮಿನ ಸೋದರಳಿಯ

ಲ್ಯಾಟಿನ್ ಭಾಷೆಯಲ್ಲಿ 'ನೆಪೋಸ್' ಎಂದರೆ ಮೊಮ್ಮಗ. ಕಾಲಕ್ರಮೇಣ ಸೋದರ, ಸೋದರಿಯರ ಮಗನಿಗೂ ಅದೇ ಶಬ್ದ ನಿಂತಿತು. ಇಟಲಿಯ ಭಾಷೆಯಲ್ಲಿ ಇಂದಿಗೂ 'ನಿಪೋತೆ' ಎಂಬ ಒಂದೇ ಶಬ್ದ ಈ ಎಲ್ಲ ಸಂಬಂಧಗಳನ್ನು ಸೂಚಿಸುತ್ತದೆ. ಅಣ್ಣತಮ್ಮಂದಿರ ಮಗನನ್ನು ಮಗನೆಂದೂ, ಅಕ್ಕತಂಗಿಯರ ಮಗನನ್ನು ಸೋದರಳಿಯನೆಂದೂ ಬೇರೆಬೇರೆಯಾಗಿ ಕಾಣುವ ಕನ್ನಡಿಗರಿಗೆ ಇದು ವಿಚಿತ್ರವೆನಿಸಬಹುದು.

ಈ ಬಂಧುವಾಚಕ ಶಬ್ದ ದೂರುವಾಚಕವಾದದ್ದು ರೋಮಿನ ಧರ್ಮಪೀಠದಲ್ಲಿ. ಬ್ರಹ್ಮಚರ್ಯದ ನಿಯಮಕ್ಕೆ ಒಳಪಟ್ಟ ಪೋಪರಿಗೆ ಅಧಿಕೃತವಾಗಿ ವಂಶವಿಲ್ಲ. ಹೀಗಾಗಿ ಅನೇಕ ಪೋಪರು ತಮ್ಮ ಸೋದರ, ಸೋದರಿಯರ ಮಕ್ಕಳನ್ನು ಕಾರ್ಡಿನಲ್ ಎಂಬ ಉನ್ನತ ಪದವಿಗೆ ಏರಿಸಿದರು. 3ನೇ ಕ್ಯಾಲಿಕ್ಸ್ಟಸ್ ಪೋಪ್ ಆಗಿದ್ದಾಗ 1456ರಲ್ಲಿ ತಮ್ಮ ಸೋದರಿಯ ಮಗ ರೊಡ್ರಿಗೊ ಬೋರ್ಜಿಯನನ್ನು ಕಾರ್ಡಿನಲ್ ಮಾಡಿದರು. ಆತನೇ 1492ರಲ್ಲಿ 6ನೇ ಅಲೆಕ್ಸಾಂಡರ್ ಎಂಬ ಹೆಸರಿನಿಂದ ಪೋಪ್ ಆದ. ಅವನಿಂದ ಪದವಿ ಪಡೆದವರಲ್ಲಿ ಒಬ್ಬನಾದ ಅಲೆಸ್ಸಾಂಡ್ರೊ ಫಾರ್ನೀಸ್ ಮುಂದೆ 1534ರಲ್ಲಿ 3ನೇ ಪಾಲ್ ಎಂಬ ಹೆಸರಿನ ಪೋಪ್ ಆಗಿ, ಅದೇ ವರ್ಷ ತನ್ನ ಇಬ್ಬರು ಮೊಮ್ಮಕ್ಕಳನ್ನು ಕಾರ್ಡಿನಲ್ ಮಾಡಿದ. ಒಬ್ಬನಿಗೆ 14 ವರ್ಷ, ಇನ್ನೊಬ್ಬನಿಗೆ 16 ವರ್ಷ.

'ಕಾರ್ಡಿನಲ್ ನೆಪೋಸ್' ಎಂಬುದು ಆಡಳಿತದಲ್ಲಿ ಒಂದು ಸ್ಥಾನವೇ ಆಗಿಹೋಯಿತು. 1667ರಲ್ಲಿ ಇಟಲಿಯ ಲೇಖಕ ಗ್ರೆಗೋರಿಯೊ ಲೇತಿ ಈ ಪದ್ಧತಿಯನ್ನೇ ವಿಷಯವಾಗಿಸಿ, ಅದನ್ನೇ ಹೆಸರಾಗಿಸಿ ಪುಸ್ತಕ ಬರೆದ. ಅದರ ಇಂಗ್ಲಿಷ್ ಅನುವಾದ 1669ರಲ್ಲಿ ಹೊರಬಂದಿತು. ಆ ಕಾಲದಿಂದ ನೆಪೋಟಿಸಂ ಎಂಬ ನಾಮಪದ ಇಂಗ್ಲಿಷಿನಲ್ಲಿ ನೆಲೆಯೂರಿತು. ನೆಪೋಟಿಸ್ಟಿಕ್ ಎಂಬ ವಿಶೇಷಣ 19ನೇ ಶತಮಾನದ ಕೂಸು. ಈ ನಡುವೆ 1692ರಲ್ಲಿ 12ನೇ ಇನ್ನೋಸೆಂಟ್ ಎಂಬ ಪೋಪ್ ಆಜ್ಞೆ ಹೊರಡಿಸಿ, ಬಂಧುಗಳಿಗೆ ಆಸ್ತಿ, ಹುದ್ದೆ, ಆದಾಯ ಹಂಚುವುದನ್ನು ನಿಷೇಧಿಸಿದರು. ಅರ್ಹನಿದ್ದಲ್ಲಿ ಒಬ್ಬ ಬಂಧುವನ್ನು ಮಾತ್ರ ಕಾರ್ಡಿನಲ್ ಮಾಡಬಹುದೆಂಬ ಮಿತಿಯೂ ಅದರಲ್ಲಿತ್ತು.

ನೆಪೋಸ್ ನಮಗೆ ತೀರ ಪರಕೀಯನೇನಲ್ಲ ಎಂಬುದು ಗಮನಾರ್ಹ. ಸಂಸ್ಕೃತದಲ್ಲಿ ಮೊಮ್ಮಗನಿಗೆ 'ನಪ್ತೃ' ಎಂಬ ಶಬ್ದವಿದೆ. ಲ್ಯಾಟಿನ್ನಿನ ನೆಪೋಸ್, ಇಂಗ್ಲಿಷಿನ 'ನೆಫ್ಯೂ', ಸಂಸ್ಕೃತದ ನಪ್ತೃ ಒಂದೇ ಮೂಲದಿಂದ ಕವಲೊಡೆದವು ಎಂಬುದು ಭಾಷಾವಿಜ್ಞಾನಿಗಳ ನಿರ್ಣಯ. ಇದರ ಪ್ರಾಕೃತ ರೂಪವನ್ನು ಸಾಮ್ರಾಟ ಅಶೋಕ ಉತ್ತರಾಖಂಡದ ಕಾಲ್ಸಿ ಬಂಡೆಯ ಶಾಸನದಲ್ಲಿ ಬಳಸಿದ್ದಾನೆ. ತನ್ನ ಮಕ್ಕಳು, ಮೊಮ್ಮಕ್ಕಳು ಈ ಧರ್ಮಮಾರ್ಗವನ್ನು ಅನುಸರಿಸಿದರೆ ಒಳ್ಳೆಯದನ್ನು ಮಾಡಿದಂತೆ ಎಂದು ಆತ ಅಲ್ಲಿ ಹೇಳುತ್ತಾನೆ.

ಕನ್ನಡದಲ್ಲಿ ಏನೆನ್ನುತ್ತೇವೆ?

ನಿಘಂಟುಗಳು ಕೊಡುವ ಸಮಾನಪದ 'ಸ್ವಜನಪಕ್ಷಪಾತ'. ವಿಶೇಷಣವಾಗಿ ಬೇಕಿದ್ದರೆ 'ಸ್ವಜನಪಕ್ಷಪಾತದ' ಅಥವಾ 'ಸ್ವಜನಪಕ್ಷಪಾತಿ' ಎನ್ನಬಹುದು. ಪಕ್ಷವೆಂದರೆ ರೆಕ್ಕೆ, ಪಾರ್ಶ್ವ, ಬದಿ, ಪಾತವೆಂದರೆ ಬೀಳುವಿಕೆ. ಒಂದು ಬದಿಗೆ ಬೀಳುವುದೇ ಪಕ್ಷಪಾತ. ಯಾರ ಬದಿಗೆ ಎಂಬುದನ್ನು 'ಸ್ವಜನ' ಶಬ್ದ ಹೇಳುತ್ತದೆ. ಈ ಸ್ವಜನದಲ್ಲಿ ರಕ್ತಸಂಬಂಧಿಗಳ ಜೊತೆಗೆ ಜಾತಿ, ಊರು, ಪಕ್ಷಗಳವರೂ ಸೇರುವುದರಿಂದ ಕನ್ನಡದ ಪದ ಇಂಗ್ಲಿಷಿನ ಪದಕ್ಕಿಂತ ವಿಶಾಲವಾದುದು. ನಮ್ಮ ಸಮಾಜಕ್ಕೆ ಈ ವಿಶಾಲತೆಯೇ ಹೆಚ್ಚು ಹೊಂದುತ್ತದೆ ಎನ್ನಬಹುದು.

ಆಡುಮಾತಿನಲ್ಲಿ ಈ ಪದ ಕಡಿಮೆ. ಅಲ್ಲಿ ಓಡಾಡುವುದು 'ಶಿಫಾರಸು', 'ವಶೀಲಿ', 'ಪ್ರಭಾವ'. ಮೊದಲ ಎರಡು ಪಾರ್ಸಿ, ಅರಬ್ಬಿ ಮೂಲದಿಂದ ಕಚೇರಿಯ ಕಾಗದದ ಜೊತೆಗೇ ಕನ್ನಡಕ್ಕೆ ಬಂದವು. ಇವೆಲ್ಲಕ್ಕಿಂತ ಮನಮುಟ್ಟುವಂತೆ ಹೇಳುವ ನುಡಿಗಟ್ಟು ಮನೆಯೊಳಗಿನದು: ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. ಬೆಣ್ಣೆ ಹಚ್ಚುವುದಕ್ಕಿಂತ ಹೆಚ್ಚಾಗಿ, ಇನ್ನೊಂದು ಕಣ್ಣು ಉರಿಯುತ್ತದೆ ಎಂಬುದನ್ನು ಈ ಮಾತು ನೆನಪಿಸುತ್ತದೆ.

ಬ್ರಹ್ಮಗಿರಿಯ ಬಂಡೆ ಹೇಳುವುದು

ಬಂಧುಗಳ ಕುರಿತ ಕರ್ತವ್ಯವನ್ನು ಕಲ್ಲಿನ ಮೇಲೆ ಬರೆಸಿದ ಪ್ರಾಚೀನ ದಾಖಲೆಯೊಂದು ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಪರಸ್ಪರ ಸಮೀಪದ ಮೂರು ಸ್ಥಳಗಳಲ್ಲಿರುವ ಅಶೋಕನ ಕಿರು ಶಿಲಾಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ ಕಳುಹಿಸಿದ ಆದೇಶವಿದು.

ಇದರಲ್ಲಿ ಎರಡು ಮಾತುಗಳು ನಮ್ಮ ವಿಷಯಕ್ಕೆ ಸಂಬಂಧಿಸಿವೆ. ಮೊದಲನೆಯದು, ಶ್ರಮದ ಫಲ ದೊಡ್ಡವರಿಗೆ ಮಾತ್ರ ಮೀಸಲಾದುದಲ್ಲ. ಸಣ್ಣವರೂ ಪ್ರಯತ್ನದಿಂದ ಅದನ್ನು ಪಡೆಯಬಲ್ಲರು ಎಂಬುದು. ಎರಡನೆಯದು, ತಂದೆತಾಯಿಗಳ ಮಾತನ್ನು ಕೇಳಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು, ಬಂಧುಗಳ ವಿಷಯದಲ್ಲಿಯೂ ತಕ್ಕ ರೀತಿಯಲ್ಲಿ ನಡೆದುಕೊಳ್ಳಬೇಕು ಎಂಬುದು. ಇದು ಪುರಾತನ ನಿಯಮವೆಂದೂ ಶಾಸನ ಹೇಳುತ್ತದೆ.

ಬಂಧುಗಳನ್ನು ದೂರವಿಡಿ ಎಂದು ಅಶೋಕ ಹೇಳಲಿಲ್ಲ. ಬಂಧುಪ್ರೀತಿ ಅವನ ದೃಷ್ಟಿಯಲ್ಲಿ ಧರ್ಮದ ಅಂಗ. ಆದರೆ ಅದೇ ಅರಸ ಅಧಿಕಾರಿಗಳ ಜೊತೆ ಮಾತನಾಡುವಾಗ ಬೇರೆ ಭಾಷೆ ಬಳಸುತ್ತಾನೆ. ಒಡಿಶಾದ ಧೌಲಿಯ ಪ್ರತ್ಯೇಕ ಶಾಸನದಲ್ಲಿ, ನ್ಯಾಯ ನಿರ್ವಹಿಸುವ ನಗರಾಧಿಕಾರಿಗಳು ಮಧ್ಯಸ್ಥ ಭಾವದಿಂದ ನಡೆಯಬೇಕೆಂದೂ, ಅಸೂಯೆ, ಕೋಪ, ಕ್ರೌರ್ಯ, ಆತುರ, ಆಲಸ್ಯಗಳಿಂದ ಅದು ಸಾಧ್ಯವಾಗದೆಂದೂ ಎಚ್ಚರಿಸುತ್ತಾನೆ. ಧೌಲಿ, ಜೌಗಡಗಳಲ್ಲಿರುವ ಈ ಪ್ರತ್ಯೇಕ ಶಾಸನಗಳ ಪಾಠ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿದೆ. ತನ್ನ ಸ್ತಂಭಶಾಸನವೊಂದರಲ್ಲಿ ವ್ಯವಹಾರದಲ್ಲಿ ಸಮತೆ, ದಂಡದಲ್ಲಿ ಸಮತೆ ಇರಬೇಕೆಂದೂ ಆತ ವಿಧಿಸಿದ್ದಾನೆ.

ಮನೆಯಲ್ಲಿ ಬಂಧುವಿಗೆ ತಕ್ಕ ಆದರ, ಪೀಠದಲ್ಲಿ ಎಲ್ಲರಿಗೂ ಸಮತೆ. ಈ ಎರಡನ್ನು ಬೆರೆಸಿದಾಗಲೇ ನೆಪೋಟಿಸ್ಟಿಕ್ ಎಂಬ ಪದ ಬೇಕಾಗುತ್ತದೆ.

ಹಾಗಿದ್ದರೆ ಸುವರ್ಣಗಿರಿಯ ಆರ್ಯಪುತ್ರ ಯಾರು? ಆತ ರಾಜವಂಶದ ಕುಮಾರನೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ಪ್ರಾಂತ್ಯದ ಆಡಳಿತ ಅರಸನ ಬಂಧುವಿನ ಕೈಯಲ್ಲಿತ್ತು. ಅಂದು ಅದನ್ನು ಯಾರೂ ತಪ್ಪೆಂದಿರಲಾರರು, ಏಕೆಂದರೆ ರಾಜ್ಯವೇ ಮನೆತನದ್ದಾಗಿತ್ತು. ಹುದ್ದೆ ಮನೆತನದ ಸ್ವತ್ತಾಗಿರುವವರೆಗೆ ಸ್ವಜನಪಕ್ಷಪಾತ ಎಂಬ ದೂರಿಗೆ ಜಾಗವಿಲ್ಲ. ಹುದ್ದೆ ಸಾರ್ವಜನಿಕರದ್ದು ಎಂಬ ಭಾವನೆ ಹುಟ್ಟಿದ ಮೇಲೆಯೇ ಅದು ದೋಷವಾಗುತ್ತದೆ.

'ಮಾಡಿದಷ್ಟು ನೀಡು ಭಿಕ್ಷೆ'

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಗೆ ಹೋದವರಿಗೆ ತಿಪ್ಪೇರುದ್ರಸ್ವಾಮಿಗಳ ಹೆಸರಿನ ಜೊತೆ ತಪ್ಪದೇ ಕೇಳಿಸುವ ಮಾತು 'ಮಾಡಿದಷ್ಟು ನೀಡು ಭಿಕ್ಷೆ'. ಬರದ ನಾಡಿನಲ್ಲಿ ಕೆರೆಗಳನ್ನು ಕಟ್ಟಿಸಿದ ಸಂತರೆಂದು ಜನ ಅವರನ್ನು ಸ್ಮರಿಸುತ್ತಾರೆ. ಕೆರೆ ಕೆಲಸಕ್ಕೆ ಬಂದವರಿಗೆ ಅವರವರು ಮಾಡಿದ ಕೆಲಸಕ್ಕೆ ತಕ್ಕಷ್ಟೇ ಕೂಲಿ ಸಲ್ಲುತ್ತಿತ್ತು ಎಂಬುದು ಐತಿಹ್ಯ.

ಐತಿಹ್ಯದಲ್ಲಿ ಇತಿಹಾಸದ ಪಾಲೆಷ್ಟು ಎಂಬುದು ಬೇರೆ ಪ್ರಶ್ನೆ. ಅದರಲ್ಲಿರುವ ತತ್ತ್ವ ಸ್ಪಷ್ಟ. ಕೂಲಿ ನಿರ್ಧರಿಸುವಾಗ ನೋಡಬೇಕಾದದ್ದು ಅಗೆದ ಮಣ್ಣನ್ನು, ಅಗೆದವನ ಮನೆತನವನ್ನಲ್ಲ. ಇಂಗ್ಲಿಷಿನವರು ದೋಷಕ್ಕೆ ಒಂದು ಹೆಸರು ಕೊಟ್ಟರು. ನಾಯಕನಹಟ್ಟಿಯ ಮಾತು ಆ ದೋಷವಿಲ್ಲದ ಸ್ಥಿತಿಗೆ ಹೆಸರು ಕೊಟ್ಟಿದೆ.

ಶಾನುಭೋಗಿಕೆ ಮನೆಯಿಂದ ಹೊರಬಂದ ಬಗೆ

ಹುದ್ದೆ ಮನೆತನದಿಂದ ಸಾರ್ವಜನಿಕರ ಕೈಗೆ ಬಂದ ಬದಲಾವಣೆಯನ್ನು ಕನ್ನಡ ನಾಡು ಬಹಳ ಹಿಂದೆಯಲ್ಲ, ಕಳೆದ ಶತಮಾನದಲ್ಲಿ ಕಂಡಿದೆ. ಚಿತ್ರದುರ್ಗ ಜಿಲ್ಲೆ ಸೇರಿದ್ದ ಹಳೆಯ ಮೈಸೂರು ಸಂಸ್ಥಾನದಲ್ಲಿ ಪಟೇಲ, ಶಾನುಭೋಗ, ತಳವಾರ, ತೋಟಿ, ನೀರಗಂಟಿ ಮುಂತಾದ ಗ್ರಾಮ ಹುದ್ದೆಗಳು ವಂಶಪಾರಂಪರ್ಯವಾಗಿ ನಡೆದುಬಂದಿದ್ದವು. 1908ರ ಮೈಸೂರು ಗ್ರಾಮ ಹುದ್ದೆಗಳ ಕಾಯ್ದೆ ಇವುಗಳನ್ನು ನಿಯಂತ್ರಿಸುತ್ತಿತ್ತು. ಊರಿನ ಜಮೀನಿನ ಲೆಕ್ಕ ಶಾನುಭೋಗರ ಬಳಿ. ಕಂದಾಯ ವಸೂಲಿ ಪಟೇಲರ ಬಳಿ. ಕೆರೆಯ ತೂಬೆತ್ತುವುದು ನೀರಗಂಟಿಯ ಕೈಯಲ್ಲಿ. ಅಪ್ಪನ ನಂತರ ಮಗನಿಗೆ ಹುದ್ದೆ ಬಂದರೆ ಅದು ಪಕ್ಷಪಾತವೆನಿಸುತ್ತಿರಲಿಲ್ಲ, ಹಕ್ಕೆನಿಸುತ್ತಿತ್ತು.

1950ರಲ್ಲಿ ಜಾರಿಗೆ ಬಂದ ಸಂವಿಧಾನ ಈ ಲೆಕ್ಕಾಚಾರವನ್ನು ಬದಲಿಸಿತು. ಅದರ 16ನೇ ವಿಧಿ ಸರ್ಕಾರಿ ಉದ್ಯೋಗದಲ್ಲಿ ಎಲ್ಲ ಪ್ರಜೆಗಳಿಗೆ ಸಮಾನ ಅವಕಾಶವನ್ನು ಘೋಷಿಸುತ್ತದೆ. ಯಾವ ಆಧಾರಗಳ ಮೇಲೆ ತಾರತಮ್ಯ ಮಾಡಬಾರದೆಂದು ಹೇಳುವ ಅದರ 2ನೇ ಉಪವಿಧಿಯಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಜೊತೆಗೆ 'ವಂಶ' ಮತ್ತು ವಾಸಸ್ಥಳಗಳೂ ಸೇರಿವೆ. ಸಾಮಾನ್ಯ ತಾರತಮ್ಯವನ್ನು ನಿಷೇಧಿಸುವ 15ನೇ ವಿಧಿಯ ಪಟ್ಟಿಯಲ್ಲಿ ವಂಶ ಎಂಬ ಪದವಿಲ್ಲ. ಉದ್ಯೋಗದ ವಿಷಯಕ್ಕೆ ಬಂದಾಗ ಸಂವಿಧಾನ ಅದನ್ನು ಪ್ರತ್ಯೇಕವಾಗಿ ಹೆಸರಿಸಿದೆ.

ನೆರೆಯ ಆಂಧ್ರದ ಗುಂಟೂರು ಜಿಲ್ಲೆಯಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1960ರ ಡಿಸೆಂಬರ್‌ನಲ್ಲಿ ಈ ಪದಕ್ಕೆ ಬಲ ತುಂಬಿತು. ಹೊಸದಾಗಿ ರೂಪಿಸಿದ ಗ್ರಾಮದ ಮುನ್ಸೀಫ್ ಹುದ್ದೆಗೆ ಹಿಂದಿನ ಹುದ್ದೆದಾರರ ಮನೆತನದವರನ್ನೇ ಆರಿಸಬೇಕೆಂದು 1895ರ ಮದರಾಸು ಕಾಯ್ದೆ ಹೇಳುತ್ತಿತ್ತು. ಗ್ರಾಮದ ಹುದ್ದೆಯೂ ಸರ್ಕಾರಿ ಹುದ್ದೆಯೇ. ವಂಶವೊಂದನ್ನೇ ನೋಡಿ ಉಳಿದವರನ್ನು ಹೊರಗಿಡುವುದು ಸಂವಿಧಾನಬಾಹಿರ ಎಂದು ನ್ಯಾಯಾಲಯ ತೀರ್ಪಿತ್ತಿತು.

ಮೈಸೂರು ರಾಜ್ಯ 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯನ್ನು ರೂಪಿಸಿತು. ಅದು 1963ರ ಫೆಬ್ರುವರಿ 1ರಂದು ಜಾರಿಗೆ ಬಂದು ಪಟೇಲಿಕೆ, ಶಾನುಭೋಗಿಕೆಗಳು ಕೊನೆಗೊಂಡವು. ಆ ಲೆಕ್ಕದ ಪುಸ್ತಕ ಗ್ರಾಮ ಲೆಕ್ಕಿಗರ ಕೈಗೆ, ಅಲ್ಲಿಂದ ಇಂದಿನ ಗ್ರಾಮ ಆಡಳಿತ ಅಧಿಕಾರಿಗಳ ಕೈಗೆ ಬಂದಿದೆ. 2024ರಲ್ಲಿ ಇಂತಹ 1,000 ಹುದ್ದೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸ್ಪರ್ಧಾತ್ಮಕ ಪರೀಕ್ಷೆ ನಡೆಸಿತು. ಒಂದು ಕಾಲದಲ್ಲಿ ಹುಟ್ಟಿನಿಂದ ಬರುತ್ತಿದ್ದ ಕೆಲಸಕ್ಕೆ ಈಗ ಯಾರ ಮಕ್ಕಳಾದರೂ ಪರೀಕ್ಷೆ ಬರೆಯಬಹುದು.

ನ್ಯಾಯಾಲಯ ಎಳೆದ ಗೆರೆ

ಪರೀಕ್ಷೆ ಬಂದ ಮಾತ್ರಕ್ಕೆ ಪಕ್ಷಪಾತ ತಾನಾಗಿಯೇ ಹೋಗುವುದಿಲ್ಲ. ಆಯ್ಕೆ ಸಮಿತಿಯ ಕುರ್ಚಿಯಲ್ಲಿ ಕುಳಿತವರಿಗೂ ಬಂಧುಗಳಿರುತ್ತಾರೆ. ಈ ಕುರಿತು ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ದಾರಿದೀಪಗಳಾಗಿವೆ.

ಮೊದಲನೆಯದು 1969ರ ಏಪ್ರಿಲ್ 29ರ ಎ.ಕೆ. ಕ್ರೈಪಾಕ್ ಪ್ರಕರಣ. ಜಮ್ಮು ಮತ್ತು ಕಾಶ್ಮೀರದಿಂದ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ ಸದಸ್ಯರಾಗಿದ್ದ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಸ್ವತಃ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಬಂದಾಗ ಅವರು ಎದ್ದು ಹೊರಹೋದರು. ಆದರೆ ತಮ್ಮ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕುಳಿತಿದ್ದರು. ನ್ಯಾಯಾಲಯ ಆ ಆಯ್ಕೆಯನ್ನೇ ರದ್ದುಪಡಿಸಿತು. ಪಕ್ಷಪಾತ ನಡೆದೇ ಇದೆ ಎಂದು ಸಾಬೀತುಪಡಿಸಬೇಕಿಲ್ಲ, ಅದು ನಡೆಯುವ ಸಂಭವ ಸಮಂಜಸವಾಗಿ ಕಂಡರೆ ಸಾಕು ಎಂಬ ತತ್ತ್ವ ಇಲ್ಲಿ ಗಟ್ಟಿಯಾಯಿತು.

ಎರಡನೆಯದು 1985ರ ಮೇ 10ರ ಅಶೋಕ್ ಕುಮಾರ್ ಯಾದವ್ ಪ್ರಕರಣ. ಹರಿಯಾಣ ಲೋಕಸೇವಾ ಆಯೋಗದ ಸದಸ್ಯರ ಬಂಧುಗಳು ಅಭ್ಯರ್ಥಿಗಳಲ್ಲಿದ್ದರೆಂಬುದು ಅಲ್ಲಿನ ದೂರುಗಳಲ್ಲಿ ಒಂದು. ಸುಪ್ರೀಂ ಕೋರ್ಟ್ ಆಯ್ಕೆಯನ್ನು ರದ್ದುಗೊಳಿಸಲಿಲ್ಲ. ಬಂಧುವಿದ್ದಾನೆ ಎಂಬುದೊಂದೇ ಕಾರಣಕ್ಕೆ ಸಾಂವಿಧಾನಿಕ ಆಯೋಗವೊಂದರ ಸದಸ್ಯ ಇಡೀ ಪ್ರಕ್ರಿಯೆಯಿಂದ ದೂರ ಸರಿಯಬೇಕಿಲ್ಲ ಎಂದಿತು. ಆದರೆ ಹತ್ತಿರದ ಬಂಧು ಸಂದರ್ಶನಕ್ಕೆ ಬಂದಾಗ ಆ ಸದಸ್ಯ ಎದ್ದು ಹೋಗಬೇಕು, ಆ ಅಭ್ಯರ್ಥಿಯ ಅರ್ಹತೆಯ ಕುರಿತ ಚರ್ಚೆಯಲ್ಲಿ ಪಾಲ್ಗೊಳ್ಳಬಾರದು, ಅವನಿಗೆ ಬಂದ ಅಂಕಗಳೂ ಆ ಸದಸ್ಯನಿಗೆ ತಿಳಿಯಬಾರದು ಎಂದು ವಿಧಿಸಿತು. ಸಾಮಾನ್ಯ ಅಭ್ಯರ್ಥಿಗಳಿಗೆ ಸಂದರ್ಶನದ ಅಂಕ ಒಟ್ಟಿನ ಶೇ. 22.2ರಷ್ಟು ಇದ್ದುದು ಅತಿಯಾಯಿತೆಂದೂ, ಅದು ಶೇ. 12.2ನ್ನು ಮೀರಬಾರದೆಂದೂ ಸೂಚಿಸಿತು. ಎದುರುಬದುರು ಕುಳಿತು ಕೊಡುವ ಅಂಕ ಹೆಚ್ಚಿದಷ್ಟೂ ನೆಂಟಸ್ತಿಕೆಗೆ ಜಾಗ ಹೆಚ್ಚುತ್ತದೆ ಎಂಬುದು ಇದರ ಹಿಂದಿನ ಅನುಭವ. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಕೆಳಹಂತದ ಹುದ್ದೆಗಳ ನೇಮಕಾತಿಯಲ್ಲಿ ಸಂದರ್ಶನವನ್ನೇ ಕೈಬಿಟ್ಟಿತು.

ನಮ್ಮ ರಾಜ್ಯದ ಶಾಸನಗಳಲ್ಲಿಯೂ ಈ ಪದಕ್ಕೆ ಜಾಗವಿದೆ. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆ 'ಆಪಾದನೆ' ಎಂದರೇನೆಂದು ವಿವರಿಸುವಾಗ ಭ್ರಷ್ಟಾಚಾರದ ಜೊತೆಯಲ್ಲಿಯೇ ಪಕ್ಷಪಾತ, ಸ್ವಜನಪಕ್ಷಪಾತಗಳನ್ನು ಬೇರೆಬೇರೆಯಾಗಿ ಹೆಸರಿಸಿದೆ. ಅಂದರೆ ಹಣ ಕೈಬದಲಾಗದಿದ್ದರೂ, ನೆಂಟನೆಂಬ ಕಾರಣಕ್ಕೆ ಮಾಡಿದ ಉಪಕಾರವೂ ದೂರಿಗೆ ಅರ್ಹ. ಶಿಕ್ಷಕರ ವರ್ಗಾವಣೆಗೆ ರಾಜ್ಯ 2007ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿ ಕೌನ್ಸೆಲಿಂಗ್ ವ್ಯವಸ್ಥೆಗೆ ಶಾಸನದ ಬಲ ಕೊಟ್ಟಿದ್ದರ ಹಿಂದೆಯೂ ಶಿಫಾರಸು ಪತ್ರಗಳ ಹಾವಳಿಯನ್ನು ತಗ್ಗಿಸುವ ಉದ್ದೇಶವಿತ್ತು.

ಯಾವುದು ನೆಪೋಟಿಸ್ಟಿಕ್ ಅಲ್ಲ?

ಈ ಹಿನ್ನೆಲೆಯಲ್ಲಿ ನೋಡಿದರೆ ಕೆಲವು ಗೊಂದಲಗಳು ತಾವಾಗಿಯೇ ಬಗೆಹರಿಯುತ್ತವೆ.

ಮೊಳಕಾಲ್ಮೂರಿನ ರೇಷ್ಮೆ ಸೀರೆಯ ನೇಕಾರ ತನ್ನ ಮಗನಿಗೆ ಮಗ್ಗ ಬಿಟ್ಟುಕೊಡುವುದು ಕಸುಬಿನ ಕಲಿಕೆ. ಚಳ್ಳಕೆರೆಯ ಎಣ್ಣೆ ಗಿರಣಿಯ ಮಾಲೀಕ ಮಗಳ ಕೈಗೆ ವ್ಯವಹಾರ ಒಪ್ಪಿಸಿದರೆ ಅದು ಅವರ ಸ್ವಂತ ಬಂಡವಾಳ, ಲಾಭನಷ್ಟ ಅವರದೇ. ಕರಾವಳಿಯ ಅಳಿಯಸಂತಾನ ಪದ್ಧತಿಯಲ್ಲಂತೂ ಸೋದರಳಿಯನೇ ಮನೆತನದ ಆಸ್ತಿಯ ನ್ಯಾಯಬದ್ಧ ವಾರಸುದಾರನಾಗಿದ್ದ. ರೋಮಿನಲ್ಲಿ ಕಳಂಕವಾದ ಅಳಿಯ ಇಲ್ಲಿ ಹಕ್ಕುದಾರ! ಆದರೆ ಅದೇ ನೇಕಾರ ಸಹಕಾರ ಸಂಘದ ಅಧ್ಯಕ್ಷನಾಗಿ, ಎಲ್ಲ ಸದಸ್ಯರ ಷೇರು ಹಣದಿಂದ ನಡೆಯುವ ಸಂಘದ ಗುಮಾಸ್ತಿಕೆಗೆ ತನ್ನ ಮಗನನ್ನೇ ತಾನೇ ಆರಿಸಿದರೆ ಪದ ಸರಿಯಾಗಿ ಅನ್ವಯಿಸುತ್ತದೆ.

ಮೀಸಲಾತಿಯನ್ನು ಪಕ್ಷಪಾತವೆಂದು ಕರೆಯುವುದು ನಗರಗಳಲ್ಲಿ ಹೆಚ್ಚಾಗಿ ಕೇಳಿಬರುವ ಮಾತು. ಚಳ್ಳಕೆರೆ, ಮೊಳಕಾಲ್ಮೂರು ಎರಡೂ 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಮೀಸಲಾತಿಯ ನಿಯಮ ಅರ್ಜಿ ಕರೆಯುವ ಮೊದಲೇ ಪ್ರಕಟವಾಗಿರುತ್ತದೆ. ಆ ವರ್ಗಕ್ಕೆ ಸೇರಿದ, ಅಧಿಕಾರಿಗೆ ಮುಖಪರಿಚಯವೂ ಇಲ್ಲದ ಯಾರಾದರೂ ಅದರಡಿ ಸ್ಪರ್ಧಿಸಬಹುದು. ಸ್ವಜನಪಕ್ಷಪಾತದ ಲಕ್ಷಣ ಇದಕ್ಕೆ ತದ್ವಿರುದ್ಧ. ಅದರ ನಿಯಮ ಎಲ್ಲಿಯೂ ಪ್ರಕಟವಾಗುವುದಿಲ್ಲ, ಫಲ ಮಾತ್ರ ಒಬ್ಬರ ಮನೆಗೆ ತಲುಪುತ್ತದೆ.

ಅನುಕಂಪದ ಆಧಾರದ ನೇಮಕಾತಿಯ ಕುರಿತೂ ಅನುಮಾನಗಳಿವೆ. ಸೇವೆಯಲ್ಲಿದ್ದಾಗ ತೀರಿಕೊಂಡ ನೌಕರನ ಕುಟುಂಬದ ಒಬ್ಬರಿಗೆ 1996ರ ರಾಜ್ಯ ನಿಯಮಗಳ ಅಡಿ ಕೆಲಸ ಸಿಗುತ್ತದೆ. ಇದು ದಿಢೀರನೆ ಆದಾಯ ಕಳೆದುಕೊಂಡ ಕುಟುಂಬವನ್ನು ಮೇಲೆತ್ತುವ ವಿನಾಯಿತಿಯೇ ಹೊರತು ವಂಶಪಾರಂಪರ್ಯದ ಹಕ್ಕಲ್ಲ ಎಂಬುದು ಸುಪ್ರೀಂ ಕೋರ್ಟ್ 1994ರಲ್ಲಿ ಸ್ಪಷ್ಟಪಡಿಸಿದ ನಿಲುವು.

ಕೊನೆಯದಾಗಿ, ಅಧಿಕಾರಿಯ ಮಗ ಪರೀಕ್ಷೆಯಲ್ಲಿ ಪಾಸಾದದ್ದು ತಾನಾಗಿಯೇ ದೋಷವಲ್ಲ. ಮನೆಯಲ್ಲಿ ಪುಸ್ತಕ, ಕೋಚಿಂಗ್, ಕೇಳಿದರೆ ಹೇಳುವ ತಂದೆ ಇರುವವರಿಗೆ ಅನುಕೂಲ ಹೆಚ್ಚು ಎಂಬುದು ನಿಜ. ಆ ಅಸಮಾನತೆಗೆ ಶಾಲೆ, ಗ್ರಂಥಾಲಯ, ವಿದ್ಯಾರ್ಥಿನಿಲಯಗಳ ಮೂಲಕ ಉತ್ತರ ಹುಡುಕಬೇಕು. ಅದನ್ನು ನೆಪೋಟಿಸ್ಟಿಕ್ ಎಂದು ಕರೆದರೆ ರೋಗ ಬೇರೆ, ಔಷಧ ಬೇರೆಯಾಗುತ್ತದೆ.

ಬಳಸುವ ಮುನ್ನ ಮೂರು ಪ್ರಶ್ನೆ

ಯಾವುದಾದರೂ ನೇಮಕವನ್ನೋ ಗುತ್ತಿಗೆಯನ್ನೋ ನೆಪೋಟಿಸ್ಟಿಕ್ ಎಂದು ಕರೆಯುವ ಮುನ್ನ ಓದುಗರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು.

ಒಂದು, ಆ ಹುದ್ದೆ ಅಥವಾ ಹಣ ಯಾರದು? ಸಾರ್ವಜನಿಕರದ್ದೋ, ಸದಸ್ಯರದ್ದೋ, ಅಥವಾ ಕೊಟ್ಟವನ ಸ್ವಂತದ್ದೋ?

ಎರಡು, ಆರಿಸುವ ಕುರ್ಚಿಯಲ್ಲಿ ಕುಳಿತವರು ಯಾರು? ಬಂಧುವಿನ ಹೆಸರು ಬಂದಾಗ ಅವರು ಎದ್ದು ಹೋದರೆ, ಕುಳಿತೇ ಇದ್ದರೆ?

ಮೂರು, ಅದೇ ಅರ್ಹತೆಯ, ಯಾರ ನೆಂಟನೂ ಅಲ್ಲದ ಅಭ್ಯರ್ಥಿಗೆ ಅದೇ ಅವಕಾಶ ಇತ್ತೇ? ಅರ್ಜಿ ಕರೆದ ವಿಷಯ ಅವನಿಗೆ ತಿಳಿದಿತ್ತೇ?

ಮೊದಲ ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ ಎಲ್ಲರಿಗೂ ಗೊತ್ತಿರುತ್ತದೆ. ಉಳಿದ ಎರಡಕ್ಕೆ ಉತ್ತರ ಕಡತದಲ್ಲಿರುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಅಡಿ ಆಯ್ಕೆ ಪಟ್ಟಿ, ಅಂಕಗಳ ವಿವರ, ಸಭೆಯ ನಡಾವಳಿಗಳಿಗೆ ಅರ್ಜಿ ಸಲ್ಲಿಸಬಹುದು. ಸೂಚನಾ ಫಲಕದ ಮುಂದೆ ನಿಂತು ಗೊಣಗುವುದಕ್ಕಿಂತ ಇದು ನಿಧಾನದ ದಾರಿ. ಆದರೆ ದೂರು ನಿಜವಾಗಿದ್ದರೆ ಅದಕ್ಕೆ ಆಧಾರ ಸಿಗುತ್ತದೆ, ಸುಳ್ಳಾಗಿದ್ದರೆ ಒಬ್ಬ ಅರ್ಹನ ಮೇಲಿನ ಅನುಮಾನ ತೊಲಗುತ್ತದೆ.

ಪದ ರೋಮಿನ ಅಳಿಯನ ಹೆಸರಿನಲ್ಲಿ ಹುಟ್ಟಿದೆ. ಆದರೆ ತಪ್ಪು ಅ‌ಳಿಯನಾಗಿ ಹುಟ್ಟಿದ್ದರಲ್ಲಿಲ್ಲ, ಅಳಿಯನಿಗಾಗಿ ಪೀಠವನ್ನು ಬಳಸಿದ್ದರಲ್ಲಿದೆ. ಬಂಧುವಿಗೆ ತಕ್ಕ ಆದರ ಸಲ್ಲಿಸಿರಿ ಎಂದು ಬ್ರಹ್ಮಗಿರಿಯ ಬಂಡೆ ಹೇಳುತ್ತದೆ. ಕೆಲಸಕ್ಕೆ ತಕ್ಕ ಕೂಲಿ ಕೊಡಿರಿ ಎಂದು ನಾಯಕನಹಟ್ಟಿಯ ಮಾತು ಹೇಳುತ್ತದೆ. ಮೊದಲನೆಯದನ್ನು ಮನೆಯಲ್ಲಿಯೂ ಎರಡನೆಯದನ್ನು ಕಚೇರಿಯಲ್ಲಿಯೂ ಪಾಲಿಸಿದವರಿಗೆ ಈ ಇಂಗ್ಲಿಷ್ ವಿಶೇಷಣ ಅಂಟಲಾರದು.